ಮೂರನೇ ನಂಬರಿನ ತೋಳ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಸಂಗದಲ್ಲಿ ಎಲ್ಲರಿಗಿಂತ ದೊಡ್ಡ ಮೂರ್ಖ ನಾನೇ. ನನ್ನ ಬಾಯಿಂದ ಬಂದದ್ದನ್ನು ಯಾರೂ ನಂಬದ ಸ್ಥಿತಿಗೆ ನನ್ನನ್ನು ನಾನೇ ತಂದುಕೊಂಡಿದ್ದೆ. ದೆವ್ವದ ಕಥೆ ಹೇಳುವವರು ಸಿಕ್ಕರೆ ನನಗೆ ಕಥೆ ಬೇಕಿರಲಿಲ್ಲ, ಅವರು ಕಣ್ಣು ಅಗಲಿಸುವ ರೀತಿ, ದನಿ ತಗ್ಗಿಸುವ ರೀತಿ ಬೇಕಿತ್ತು. ಕಥೆ ಮುಗಿಯುವ ಮೊದಲೇ ಅವರ ಮುಂದೆ ಅವರಂತೆಯೇ ನಡುಗಿ ತೋರಿಸುತ್ತಿದ್ದೆ. ಈಗ ಅಂಥದೇ ಒಂದನ್ನು ಹೇಳಲು ನಾನೇ ಕೂತಿದ್ದೇನೆ. ನೀವು ನಕ್ಕರೆ ತಕರಾರಿಲ್ಲ.

ಎಂಬತ್ತರ ದಶಕದ ಮಾತು. ಓದನ್ನು ಅರ್ಧಕ್ಕೆ ಬಿಟ್ಟು, ಹುಮನಾಬಾದ್ ಬಸ್ ನಿಲ್ದಾಣದ ಹೋಟೆಲಿನ ಮುಂದೆ ಕಂಡಕ್ಟರ್, ಹೆಡ್‌ಮಾಸ್ತರ್, ಈದ ಎಮ್ಮೆ ಎಲ್ಲರ ದನಿ ತೆಗೆದು ಚಹಾ ಗಿಟ್ಟಿಸುತ್ತಿದ್ದೆ. ಎಲ್ಲರ ದನಿ ಬರುತ್ತಿತ್ತು. ನನ್ನದು ಯಾವುದೆಂದು ಕೇಳಿದ್ದರೆ ಮಾತ್ರ ತಡಕಾಡಬೇಕಿತ್ತು. ಆಗ ತೋಳಗಳ ಅಧ್ಯಯನಕ್ಕೆಂದು ಹೊರಗಿನಿಂದ ಬಂದ ಒಬ್ಬ ಸಾಹೇಬರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ತೋಳಗಳನ್ನು ಹಿಡಿದು, ಕೊರಳಿಗೆ ಪಟ್ಟಿ ಕಟ್ಟಿ, ಮತ್ತೆ ಬಯಲಿಗೆ ಬಿಟ್ಟಿದ್ದರು. ಪಟ್ಟಿಯೊಳಗಿನ ಪುಟ್ಟ ಯಂತ್ರ ಕಳಿಸುವ ಸದ್ದನ್ನು ಹಿಡಿಯಲು ಎರಡು ಕಡೆ ರೇಡಿಯೋ ನಿಲ್ಲಿಸಬೇಕಿತ್ತು. ಹುಮನಾಬಾದ್ ಕಡೆಯದನ್ನು ಸಾಹೇಬರು ನೋಡಿಕೊಂಡರು. ಬಸವಕಲ್ಯಾಣ ತಾಲೂಕಿನ ಮುಡಬಿಯ ಹೊರಗೆ, ದಿಬ್ಬದ ಮೇಲಿನದು ನನ್ನ ಪಾಲಿಗೆ ಬಂತು.

ದಿಬ್ಬಕ್ಕೆ ಕರೆಂಟು ಎಲ್ಲಿಂದ ಬರಬೇಕು? ಅದಕ್ಕೇ ಬಿಸಿಲಿನಿಂದ ಬ್ಯಾಟರಿ ತುಂಬುವ ಸೋಲಾರ್ ಹಲಗೆ. ಮುರಮಿನ ನೆಲದಲ್ಲಿ ಕಂಬ ನಿಲ್ಲಲಿಲ್ಲ. ಸುತ್ತ ಕಲ್ಲು ಪೇರಿಸಿ ನಿಲ್ಲಿಸಿ, ಹಲಗೆಯನ್ನು ದಕ್ಷಿಣಕ್ಕೆ ಓರೆಯಾಗಿ ಬಿಗಿದು, ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಏರಿಸಿದೆವು. ಕೆಳಗೆ ತಗಡಿನ ಟ್ರಂಕಿನಲ್ಲಿ ಬ್ಯಾಟರಿ ಮತ್ತು ರೇಡಿಯೋ. ಒಂದೊಂದು ತೋಳಕ್ಕೆ ಒಂದೊಂದು ನಂಬರು. ತೋಳ ಮಲಗಿದ್ದರೆ ಸದ್ದು ನಿಧಾನ, ಎದ್ದು ನಡೆದರೆ ಚುರುಕು. ಹಲಗೆಯ ಮೇಲಿನ ಧೂಳು, ಹಕ್ಕಿಯ ಹಿಕ್ಕೆ ಒರೆಸುವುದು, ಸದ್ದು ಯಾವ ದಿಕ್ಕಿನದೆಂದು ಹೇಳುವುದು ನನ್ನ ಕೆಲಸ. ಊರ ಮುದುಕಿಯೊಬ್ಬಳು ಬಂದು, ಇಷ್ಟು ಸಣ್ಣ ಹಲಗೆಯ ಮೇಲೆ ಸರಕಾರ ಎಷ್ಟು ಹಪ್ಪಳ ಒಣಗಿಸೀತು ಎಂದು ವಿಚಾರಿಸಿ ಹೋಗಿದ್ದಳು.

ಕಾವಲಿಗೆ ಬೀರಪ್ಪ ಸಿಕ್ಕ. ದಿಬ್ಬದ ಸುತ್ತ ಕುರಿ ಮೇಯಿಸುವವನು, ನನಗಿಂತ ನಾಲ್ಕಾರು ವರ್ಷ ದೊಡ್ಡವನು. ಕೆಲಸವೇನೆಂದು ಕೇಳಿದವನೇ, "ಕುರಿ ಕಳಕೊಂಡಾಂವ ನಾ, ನೀವು ಹುಡುಕಾಕತ್ತಿದ್ದು ತ್ವಾಳಾನ. ಭಾಳ ಚಲೋ ನ್ಯಾಯ ಬಿಡ್ರಿ," ಎಂದ. ಆದರೂ ಬಂದ. ನನ್ನನ್ನು 'ತಮ್ಮಾ' ಎಂದು ಕರೆದ, ತನ್ನ ಬುತ್ತಿಯಲ್ಲಿ ಪಾಲು ಕೊಟ್ಟ. ನನಗೆ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ದಿಬ್ಬ ಇಳಿಸಿ ಬಸ್ಸಿಗೆ ಹತ್ತಿಸಿದವನೂ ಅವನೇ. ಇನ್ನು ಯಾರು ಕೈಬಿಟ್ಟರೂ ಬೀರಪ್ಪಣ್ಣ ಬಿಡುವುದಿಲ್ಲ ಎಂದುಕೊಂಡಿದ್ದೆ.

ಅವನು ರೊಟ್ಟಿ ಕೊಟ್ಟ, ನಾನು ಚೇಷ್ಟೆ ಕೊಟ್ಟೆ. ನಾಲಿಗೆಯನ್ನು ಅಂಗುಳಿಗೆ ಹೊಡೆದು ರೇಡಿಯೋದ ಟಿಕ್ ಟಿಕ್ ತೆಗೆದರೆ ಬೀರಪ್ಪ ಆಂಟೆನಾ ತಿರುಗಿಸಲು ಓಡುತ್ತಿದ್ದ. ಒಮ್ಮೆ ಸಾಹೇಬರನ್ನೂ ಹಾಗೇ ಏಮಾರಿಸಿದೆ. ಅವರು ಇಲ್ಲದ ತೋಳದ ಹಿಂದೆ ಮಧ್ಯಾಹ್ನವಿಡೀ ಜೀಪು ಓಡಿಸಿದರು. ನಿಜ ತಿಳಿದಾಗ, ಇನ್ನೊಮ್ಮೆ ಹೀಗಾದರೆ ಹಾಸಿಗೆ ಸುತ್ತಿಕೊಂಡು ಮನೆಗೆ ಹೋಗು ಎಂದರು.

ಬೀರಪ್ಪನ ಅಪ್ಪನೂ ಮೊದಮೊದಲು ಅಲ್ಲೇ ಕುರಿ ಕಾಯುತ್ತಿದ್ದ. ಆಮೇಲೆ ತೀರಿಕೊಂಡ. ಮುದುಕ ಕುರಿ ಕರೆಯುವ ಕೂಗು ಉದ್ದನೆಯದು, ನಡುವೆ ಒಂದು ಕೆಮ್ಮು. ಒಂದು ಸಂಜೆ ಬದುವಿನ ಹಿಂದೆ ಕೂತು, ಕೆಮ್ಮನ್ನೂ ಬಿಡದೆ, ಆ ಕೂಗು ತೆಗೆದೆ. ಕುರಿಗಳೆಲ್ಲ ತಲೆ ಎತ್ತಿ ನನ್ನ ಕಡೆ ತಿರುಗಿದವು. ಬೀರಪ್ಪನೂ ತಿರುಗಿದ. ಅವನ ಹೆಗಲ ಕಂಬಳಿ ಜಾರಿ ಬಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಕಂಬಳಿ ಕೊಡವಿಕೊಂಡು ಹೋದ. ಮನುಷ್ಯರಿರಲಿ, ಕುರಿಗಳೇ ಮೋಸ ಹೋದವಲ್ಲ ಎಂದು ನಾನು ಬಹಳ ದಿನ ಬೀಗಿದೆ.

ಮೂರನೇ ನಂಬರಿನದು ಹೆಣ್ಣು ತೋಳ. ಅದು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತಿತು. ನಾನೂ ಬೀರಪ್ಪನೂ ದಿಬ್ಬದಿಂದ ಕಾಣುವ ಹಳ್ಳದ ದಂಡೆಯಲ್ಲಿ ಗುಂಡಿ ತೋಡಿ ಹೂತೆವು. ಹೂಳುವ ಮೊದಲೇ ಸಾಹೇಬರು ಪಟ್ಟಿ ಬಿಚ್ಚಿ, ಅದರ ಸೆಲ್ಲು ಹೊರಗೆ ತೆಗೆದು, ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ನಮ್ಮ ಟ್ರಂಕಿನಲ್ಲೇ ಇಟ್ಟು ಹೋದರು.

ಕೆಲವು ವಾರ ಕಳೆದಿದ್ದವು. ಮಟಮಟ ಮಧ್ಯಾಹ್ನ. ರಾತ್ರಿಯಾಗಿದ್ದರೆ ಕಥೆಗೆ ಕಳೆ ಬರುತ್ತಿತ್ತು, ಏನು ಮಾಡಲಿ, ಆದದ್ದು ಮಧ್ಯಾಹ್ನವೇ. ತೊಗರಿ ಕೊಯ್ದ ಹೊಲಗಳು, ಗಾಳಿಯ ಸುಳಿವಿಲ್ಲ. ಹಲಗೆಯ ನೆರಳಿನಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದೆವು. ಸತ್ತವಳು ಏನು ಮಾಡುತ್ತಿದ್ದಾಳೋ ನೋಡೋಣ ಎಂದು ಕುಚೇಷ್ಟೆಗೆ ಎಡಗೈಯಲ್ಲಿ ರೇಡಿಯೋವನ್ನು ಮೂರನೇ ನಂಬರಿಗೆ ತಿರುಗಿಸಿ, ದೊಡ್ಡದೊಂದು ತುತ್ತು ಬಾಯಿಗಿಟ್ಟೆ.

ಟಿಕ್. ಟಿಕ್. ಟಿಕ್.

ಬೀರಪ್ಪ ರೇಡಿಯೋ ನೋಡಲಿಲ್ಲ, ನನ್ನ ಬಾಯಿ ನೋಡಿದ. ನಾನು ಬಾಯಿ ತೆರೆದು ತೋರಿಸಿದೆ. ಒಳಗೆ ಖಡಕ್ ರೊಟ್ಟಿ ತುಂಬಿತ್ತು, ನಾಲಿಗೆ ಹೊರಳಿಸಲೂ ಜಾಗವಿರಲಿಲ್ಲ. ಸದ್ದು ನಡೆದೇ ಇತ್ತು. ಆಮೇಲೆ ಅದು ಚುರುಕಾಯಿತು, ಮಲಗಿದ್ದ ಪ್ರಾಣಿ ಎದ್ದು ನಡೆದಾಗ ಆಗುವಂತೆ. ಬೀರಪ್ಪನ ನಾಯಿ ಬೊಗಳಲಿಲ್ಲ. ಬಾಲ ಮುದುರಿಕೊಂಡು ಬಂದು ನಮ್ಮಿಬ್ಬರ ನಡುವೆ ಕೂತಿತು. ನಾನು ಎದ್ದು ಆಂಟೆನಾ ತಿರುಗಿಸಿದೆ. ಹಳ್ಳದ ದಂಡೆಯ ಕಡೆ ತಂದಾಗ ಸದ್ದು ಜೋರಾಯಿತು. ಆಮೇಲೆ ಅಲ್ಲಿಂದ ಪಕ್ಕಕ್ಕೆ ಸರಿಯಿತು. ಅದರ ಹಿಂದೆಯೇ ಆಂಟೆನಾ ತಿರುಗಿಸುತ್ತ ಹೋದೆ. ಬಯಲಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ಸಣ್ಣದಾಗಿ, ಸದ್ದು ನಿಂತುಹೋಯಿತು.

ಟ್ರಂಕಿನ ತಳ ತಡಕಿದೆ. ಬಟ್ಟೆ ಬಿಚ್ಚಿದರೆ ಪಟ್ಟಿ ಅಲ್ಲೇ ಇತ್ತು, ಸೆಲ್ಲು ಬೇರೆಯಾಗಿ ಅಲ್ಲೇ ಇತ್ತು. ಬೀರಪ್ಪ ಮುಟ್ಟಲಿಲ್ಲ. "ಮುಚ್ಚು ತಮ್ಮಾ," ಎಂದಷ್ಟೇ ಅಂದ.

ಮರುದಿನ ಸಾಹೇಬರು ಬಂದಾಗ ಎಲ್ಲವನ್ನೂ ಹೇಳಿದೆ. ಹೇಳದೆ ಇದ್ದಿದ್ದರೆ ಕೆಲಸ ಉಳಿಯುತ್ತಿತ್ತು, ಆದರೆ ನನಗೆ ತಡೆಯಲಾಗಲಿಲ್ಲ. ಆ ಹೊತ್ತಿನಲ್ಲಿ ಹುಮನಾಬಾದ್ ಕಡೆಯ ರೇಡಿಯೋಗೆ ಏನೂ ಬಂದಿಲ್ಲ ಎಂದರು ಅವರು. ನನ್ನ ಬಾಯಿಯನ್ನೇ ನೋಡುತ್ತ, ಬೀರಪ್ಪ ಹೇಳಲಿ, ಅವನು ಹೌದೆಂದರೆ ನಂಬುತ್ತೇನೆ ಎಂದರು. ನನಗೆ ಧೈರ್ಯ ಬಂತು. ಕೆಲಸ ಉಳಿಯುವುದು ಒತ್ತಟ್ಟಿಗಿರಲಿ, ಜನ್ಮದಲ್ಲಿ ಮೊದಲ ಸಲ ನನ್ನ ಮಾತಿಗೆ ಒಬ್ಬ ಸಾಕ್ಷಿ ಇದ್ದ.

ಬೀರಪ್ಪ ನೆಲ ನೋಡಿದ. "ನನಗೇನೂ ಕೇಳಿಲ್ರಿ ಸಾಹೇಬ್ರ. ಇವಾ ಬಾಯಿ ಆಡಸಾಕತ್ತಿದ್ದ, ಅಷ್ಟ ನೋಡೀನ್ರಿ."

ರೊಟ್ಟಿ ತಿನ್ನುವವನು ಬಾಯಿ ಆಡಿಸದೆ ಕಿವಿ ಆಡಿಸುತ್ತಾನೆಯೇ? ಹೀಗೆ ಕೇಳಬೇಕೆಂದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಆಗ ಎಲ್ಲರ ದನಿ ತೆಗೆಯುವವನಿಗೆ ತನ್ನದೊಂದು ದನಿ ಏಳಲಿಲ್ಲ. ಹಾಸಿಗೆ ಸುತ್ತಿಕೋ ಎಂದರು ಸಾಹೇಬರು.

ರೇಡಿಯೋ ರಿಪೇರಿ ಮಾಡುವವರನ್ನು ಕೇಳಿದ್ದೇನೆ. ಯಾವುದೋ ವೈರ್‌ಲೆಸ್ಸಿನ ಸದ್ದು ಸೇರಿರಬೇಕು ಅಂದರು ಒಬ್ಬರು, ಬ್ಯಾಟರಿಯ ದೋಷ ಅಂದರು ಇನ್ನೊಬ್ಬರು. ಇರಬಹುದು. ಬ್ಯಾಟರಿಯ ದೋಷ ಹಳ್ಳದ ದಂಡೆಯಿಂದ ಎದ್ದು ನಡೆದುಹೋಗುವುದು ಹೇಗೆಂದು, ನಾಯಿ ಬಾಲ ಮುದುರಿದ್ದು ಏಕೆಂದು ಯಾರೂ ಹೇಳಲಿಲ್ಲ. ನನಗೂ ತಿಳಿದಿಲ್ಲ. ಬೀರಪ್ಪನ ಆ ಎರಡು ಮಾತನ್ನು ಹೋಟೆಲಿನ ಮುಂದೆ ಅವನದೇ ದನಿಯಲ್ಲಿ ಎಷ್ಟೋ ಸಲ ಆಡಿ ತೋರಿಸಿದ್ದೇನೆ. ಅದೊಂದಕ್ಕೆ ಯಾರೂ ನಗುವುದಿಲ್ಲ.

ಅವತ್ತು ಮುಡಬಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಹಾಸಿಗೆಯ ಸುರುಳಿ ಹೊತ್ತು ತಂದವನು ಅವನೇ. ಸುರುಳಿ ಕೆಳಗಿಟ್ಟು ಹೋಗಲು ತಿರುಗಿದ. ನಾನು ಅಡ್ಡ ನಿಂತೆ. "ಅಣ್ಣಾ, ನಿನ್ನ ಕುರಿ ಮ್ಯಾಲ ಆಣಿ ಮಾಡಿ ಹೇಳು. ಕೇಳಿತ್ತೋ ಇಲ್ಲೋ?"

"ಕೇಳಿತ್ತು," ಅಂದ ಬೀರಪ್ಪ. "ನಮ್ಮಪ್ಪ ಸತ್ತ ಮ್ಯಾಲ ಅವನ ಕೂಗೂ ಕೇಳಿತ್ತು ನನಗ. ಓಡಿ ಹೋಗಬೇಕಂತ ಕಾಲು ಎತ್ತಿದ್ದೆ, ಅಷ್ಟರಾಗ ಬದುವಿನ ಹಿಂದ ನೀ ನಗಾಕತ್ತಿದ್ದಿ."