ಇವತ್ತು ಯಾರಿಗೆ ಎಲ್ಲಿ ನೋವು

ಆ ಲಾಂಡ್ರಿಯಲ್ಲಿ ಒಗೆಯುತ್ತಿದ್ದುದು ಮನೆಬಟ್ಟೆಯಲ್ಲ, ಆಸ್ಪತ್ರೆ ಮತ್ತು ಹೋಟೆಲುಗಳ ಹಾಸು ಹೊದಿಕೆ. ಹಗಲೆಲ್ಲ ಆವಿ, ಸೋಪಿನ ಘಾಟು. ಒಳಗೆ ಕಾಲಿಟ್ಟವರ ಕನ್ನಡಕ ಕೂಡಲೇ ಮಸುಕಾಗುತ್ತಿತ್ತು. ಮೇಲಧಿಕಾರಿಗಳಿಗೆ ಅಲ್ಲಿನ ಕೆಲಸಗಾರರು ಕಾಣಿಸದೆ ಹೋಗುವುದಕ್ಕೆ ಇದೂ ಒಂದು ಕಾರಣವಿದ್ದೀತು. ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳಿಗಿಂತ ಎಷ್ಟೋ ದೊಡ್ಡವನಾದ ಇಸ್ತ್ರಿ ತಾತನೂ ಹಾಗೇ ಕರೆಯುತ್ತಿದ್ದ. ಬೈಸಿಕೊಳ್ಳುವಾಗ ವಯಸ್ಸು ಲೆಕ್ಕಕ್ಕಿಲ್ಲ ಎಂಬುದು ಅವನ ವಾದ.

ದೊಡ್ಡಕ್ಕನದೊಂದು ಪದ್ಧತಿಯಿತ್ತು. ಬೆಳಿಗ್ಗೆ ಯಂತ್ರ ಶುರುಮಾಡುವ ಮೊದಲು, ಬಟ್ಟೆ ಮಡಿಸುವ ಉದ್ದನೆಯ ಮೇಜಿನ ಸುತ್ತ ಎಲ್ಲರನ್ನೂ ನಿಲ್ಲಿಸಿಕೊಂಡು ಕೇಳುವಳು: "ಹೂಂ, ಇವತ್ತು ಯಾರಿಗೆ ಎಲ್ಲಿ ನೋವು? ಬೇಗ ಬೇಗ ಹೇಳ್ರಪ್ಪ."

"ನಂಗೆ ಮಂಡಿ," ಎನ್ನುವನು ತಾತ.

"ಮೈಯೆಲ್ಲ ನೋಯುತ್ತೆ, ನಾಲಿಗೆ ಮಾತ್ರ ಒಂದಿನಾನೂ ನೋಯಲ್ವಲ್ಲ ತಾತ ನಿಂಗೆ?" ಎಂದು ಕೆಣಕುವಳು ರೇಡಿಯೋ.

"ನಿನ್ ಜೊತೆ ಪಂದ್ಯ ಕಟ್ಟಿದೀನಮ್ಮ, ಯಾರ್ದು ಮೊದ್ಲು ಸವೆಯುತ್ತೋ ನೋಡೇಬಿಡಾಣ ಅಂತ."

ರೇಡಿಯೋ ಎಂದರೆ ಮಾತು ನಿಲ್ಲಿಸಲು ಗುಂಡಿಯಿಲ್ಲದ ಹೆಂಗಸು. ಬೆನ್ನುಮೂಳೆಯ ಡಿಸ್ಕ್ ಸರಿದಿತ್ತು. ಮನೆಯಲ್ಲಿ ಓದುವ ಹೆಣ್ಣುಮಕ್ಕಳಿಬ್ಬರು, ದುಡಿಯುವ ಕೈ ಅವಳದೊಂದೇ. ಸೊಂಟ ಹಿಡಿದ ದಿನ ದೊಡ್ಡಕ್ಕ ಅವಳನ್ನು ಮಡಿಸುವ ಮೇಜಿಗೆ ಹಾಕುವಳು. ಬಸುರಿಯೊಬ್ಬಳನ್ನು ಆವಿಯಿಂದ ದೂರ ನಿಲ್ಲಿಸುವಳು. ಗಟ್ಟಿಯಿದ್ದವರು ಒದ್ದೆ ಬಟ್ಟೆಯ ಗಾಡಿಗೆ. ಇಂದಿನ ಗಟ್ಟಿಗರು ನಾಳೆ ಮೆತ್ತಗಾದರೆ ಅದಲುಬದಲು. ಯಾರೂ ಮುಖ ಗಂಟಿಕ್ಕುತ್ತಿರಲಿಲ್ಲ, ತಮ್ಮ ಸರದಿಯೂ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಹೊಸ ಮ್ಯಾನೇಜರು ಇದನ್ನು ನೋಡಿ ಕರಗಿಹೋದರು. "ಅಮ್ಮಾ, ಇದಕ್ಕೇ ಎಲ್ಲರನ್ನೂ ಒಳಗೊಳ್ಳುವ ನಾಯಕತ್ವ ಅನ್ನೋದು! ಹೆಡ್ಡಾಫೀಸಿನವರು ಬರ್ತಿದ್ದಾರೆ, ನೀವು ಮಾತಾಡಲೇಬೇಕು."

ತಾನು ಇಷ್ಟು ದಿನ ಮಾಡುತ್ತಿದ್ದುದು ಬರೀ ಕೆಲಸ ಹಂಚುವುದಲ್ಲ, ನಾಯಕತ್ವ ಎಂದು ತಿಳಿದು ದೊಡ್ಡಕ್ಕ ಉಬ್ಬಿದಳು. ಅಂಥ ಮಾತಿಗೆ ಉಬ್ಬದವರು ಯಾರು? ಸಭೆಯಲ್ಲಿ ಶಾಲು ಕಂಡರೆ ಕತ್ತು ತಾನಾಗಿ ಮುಂದೆ ಬರುವ ನಮ್ಮಂಥವರು ಅವಳನ್ನು ನೋಡಿ ನಗುವ ಹಾಗಿಲ್ಲ. ಮನೆಯಲ್ಲಿ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಭಾಷಣ ಒಪ್ಪಿಸಿದಳು. ಗಂಡ ಬಸ್ಸಿನ ಡ್ರೈವರು, ಮುಂದಿನ ತಿರುವಿಗೆ ಈಗಲೇ ಹಾರ್ನ್ ಹೊಡೆಯುವ ಜಾತಿ.

"ಯಾರ್ಯಾರಿಗೆ ಏನೇನು ಅಂತ ಹೆಸರು ಹಿಡಿದು ಹೇಳ್ಬೇಕೇನೇ?"

"ಹೆಸರಿಲ್ದೆ ಹೇಳಿದ್ರೆ ಸಪ್ಪೆ ರೀ. ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

ಸಪ್ಪೆಯಾಗಲಿಲ್ಲ. ಮೈಕಿನ ಮುಂದೆ ನಿಂತು ತಾತನ ಮಂಡಿ, ಬಸುರಿಯ ತಲೆಸುತ್ತು, ರೇಡಿಯೋಳ ಬೆನ್ನು ಎಲ್ಲವನ್ನೂ ಅಕ್ಕರೆಯಿಂದ, ನಗೆಚಾಟಿಕೆ ಬೆರೆಸಿ ಬಣ್ಣಿಸಿದಳು. ಚಪ್ಪಾಳೆ ಬಿತ್ತು. ರೇಡಿಯೋ ಎದ್ದುನಿಂತು ಬೆನ್ನು ತಿರುಗಿಸಿ ತೋರಿಸಿದಾಗ ಇನ್ನೂ ಜೋರು ಚಪ್ಪಾಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡ ಆಸ್ಪತ್ರೆಯೊಂದರ ಗುತ್ತಿಗೆ ತಪ್ಪಿತು. ಮೂವರನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಿನಿಂದ ಆಜ್ಞೆ ಬಂತು. ಯಾರನ್ನು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಭೆಯಲ್ಲೇ ಕೇಳಿದ್ದರಲ್ಲ! ಬಸುರಿಗೆ, "ನಿಮಗೆ ವಿಶ್ರಾಂತಿ ಬೇಕು" ಎಂದರು. ತಾತನಿಗೂ ಅದನ್ನೇ ಅಂದರು. ತಾತ ವಾದಿಸಲಿಲ್ಲ. ದೊಡ್ಡಕ್ಕನ ಮುಖ ನೋಡಿ, "ಚೆನ್ನಾಗಿ ಮಾತಾಡಿದೆ ಕಣಕ್ಕ ಅವತ್ತು" ಎಂದಷ್ಟೇ ಹೇಳಿ ಹೊರಟ. ಅವನಿಗೆ ವ್ಯಂಗ್ಯ ಬರುತ್ತಿರಲಿಲ್ಲ. ಅದಕ್ಕೇ ಆ ಮಾತು ಅವಳಿಗೆ ಅಷ್ಟು ಚುಚ್ಚಿದ್ದು.

ಮೂರನೆಯವಳು ರೇಡಿಯೋ. ದೊಡ್ಡಕ್ಕ ಮಹಡಿಯಲ್ಲಿದ್ದ ಮ್ಯಾನೇಜರ ಗಾಜಿನ ಕೋಣೆಗೆ ಓಡಿದಳು.

"ಸಾರ್, ಅವಳೊಬ್ಬಳನ್ನ ಉಳಿಸ್ಕೊಳ್ಳಿ."

"ನೀವೇ ತಾನೇ ಹೇಳಿದ್ದು, ಬೆನ್ನು ಹೋಗಿದೆ ಅಂತ? ನಾಳೆ ಏನಾದ್ರೂ ಆದ್ರೆ ಹೊಣೆ ಯಾರು? ನಾನು ಅವರ ಒಳ್ಳೇದಕ್ಕೇ ಹೇಳ್ತಿದೀನಮ್ಮ."

ಆಗ ದೊಡ್ಡಕ್ಕನ ಬಾಯಿಂದ ಬಂದದ್ದು ಒಂದು ಸುಳ್ಳು. "ಅದು ಭಾಷಣಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚಿದ್ದು ಸಾರ್. ಅವಳು ಕಲ್ಲುಗುಂಡು."

ಮ್ಯಾನೇಜರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಆಗಲ್ಲ ಎಂದು ಕೂತುಬಿಡುತ್ತಿದ್ದರು. ಇವರು ಯೋಚಿಸಿ, "ಹಾಗಾದ್ರೆ ಒಂದು ಗಾಡಿ ತುಂಬಲಿ, ನೋಡೋಣ" ಎಂದು ಕೆಳಗಿಳಿದು ಬಂದರು.

ಯಂತ್ರದಿಂದ ಆಗಷ್ಟೇ ಬಂದ ಹೊದಿಕೆಗಳು. ನೀರು ಕುಡಿದು ಒಂದೊಂದೂ ಹೆಣಭಾರ. ದೊಡ್ಡಕ್ಕ ರೇಡಿಯೋಳ ಕಿವಿಯಲ್ಲಿ, "ಬೇಡ ಕಣೇ, ಆಗಲ್ಲ ಅಂದ್ಬಿಡು, ಬೇರೆ ದಾರಿ ನೋಡೋಣ" ಎಂದಳು.

"ಯಾವ ದಾರಿ ಅಕ್ಕ?" ಎಂದು ಕೇಳಿದಳು ರೇಡಿಯೋ.

ರೇಡಿಯೋ ಬಗ್ಗಿದಳು. ಎತ್ತಿದಳು. ಮತ್ತೆ ಬಗ್ಗಿದಳು. ಗಾಡಿ ತುಂಬುವವರೆಗೂ ಒಂದು ಮಾತೂ ಆಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ಆ ಲಾಂಡ್ರಿ ಅದುವರೆಗೆ ಕಂಡಿರಲಿಲ್ಲ. ಹಣೆಯ ಮೇಲೆ ಬೆವರು, ತುಟಿಯ ಮೇಲೆ ಮ್ಯಾನೇಜರಿಗೆಂದು ಅಂಟಿಸಿಕೊಂಡ ನಗೆ.

"ಭೇಷ್!" ಎಂದರು ಮ್ಯಾನೇಜರು, ನಿಜವಾಗಿಯೂ ಸಂತೋಷಪಟ್ಟು. "ಕೆಲಸ ಉಳೀತು ಬಿಡಿ. ಇನ್ಮೇಲೆ ಇವರು ಗಾಡಿಗೇ ಇರಲಿ. ಮಡಿಸೋಕೆ ಜನ ಇದ್ದಾರೆ." ಮೆಟ್ಟಿಲು ಹತ್ತಿ ಗಾಜಿನ ಹಿಂದೆ ಹೋಗಿ ನಿಂತರು.

ರೇಡಿಯೋ ಗಾಡಿಯ ಹಿಡಿ ಹಿಡಿದು ನಿಂತಿದ್ದಳು. ತಳ್ಳುವುದಕ್ಕೆ ಹಿಡಿದಿದ್ದಳೋ ಬೀಳದಿರಲು ಹಿಡಿದಿದ್ದಳೋ ಹೇಳುವಂತಿರಲಿಲ್ಲ. ದೊಡ್ಡಕ್ಕ ಹತ್ತಿರ ಹೋಗಿ ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟಳು.

"ಕೈ ತೆಗೀರಿ ಅಕ್ಕ," ಎಂದಳು ರೇಡಿಯೋ, ನಗೆ ಕದಲಿಸದೆ. "ಮೇಲಿಂದ ನೋಡ್ತಿದ್ದಾರೆ."

ದೊಡ್ಡಕ್ಕ ಕೈ ತೆಗೆದಳು. ಗಾಡಿ ಕಿರ್ರೆಂದು ಮುಂದೆ ಹೋಯಿತು.