ಏಳು ಮುರಿದ ಕೊಡಲಿಗಳು

ಕ್ಲೆಮಾಂಸ್ ರಿಯೂ ಪಾದ್ರಿಮನೆಯಲ್ಲಿ ಕಸ ಗುಡಿಸುವ ಹೆಂಗಸು ಎಂದೇ ರೆಯಾಲ್ ಬ್ರಿಜ್‌ಫೇರ್ ಮೊದಲು ತಿಳಿದಿದ್ದ. ತಿಳಿಯದೆ ಏನು ಮಾಡಿಯಾನು? ಆಕೆ ಬೆಳಗ್ಗೆ ಎಂಟಕ್ಕೆ ಏಪ್ರನ್ ಕಟ್ಟಿಕೊಂಡು, ಮೆತ್ತನೆಯ ಬ್ರಶ್ ಹಿಡಿದು ಒಳಗೆ ಹೋದರೆ ಸಂಜೆ ಮೈಯೆಲ್ಲ ಧೂಳು ಮಾಡಿಕೊಂಡು ಹೊರಬರುತ್ತಿದ್ದಳು. ಅಲ್ಲಿಗೆ ಮೊದಲ ಸಲ ಹೋದ ದಿನ ರೆಯಾಲ್ ಹಿಮ ಮೆತ್ತಿದ ಬೂಟು ಬಿಚ್ಚಿ ಆಕೆಯ ಕೈಗೇ ಕೊಟ್ಟು, "ಒಲೆ ಹತ್ರ ಇಡಮ್ಮ. ಹಾಗೇ ಪಾದ್ರಿಗಳನ್ನ ಕರಿ, ದೊಡ್ಡ ವಿಷಯ ಮಾತಾಡೋದಿದೆ" ಎಂದಿದ್ದ.

ಆಕೆ ಬೂಟನ್ನು ಒಲೆಯ ಹತ್ತಿರ ಇಟ್ಟಳು. ಪಾದ್ರಿ ಲೂಸಿಯೆನ್ ಬಂದು ಎಲ್ಲವನ್ನೂ ಕೇಳಿ, "ಇದೆಲ್ಲ ನನಗೆ ತಿಳಿಯಲ್ಲಪ್ಪ. ಮದಾಮ್ ಕ್ಲೆಮಾಂಸ್‌ನ ಕೇಳು" ಎಂದು ಬೂಟು ಇಟ್ಟವಳ ಕಡೆಗೇ ಕೈ ತೋರಿಸಿದರು.

ದೊಡ್ಡ ವಿಷಯವೆಂದರೆ ಇಷ್ಟು. ರೆಯಾಲ್ ಮೊಂಟ್ರಿಯಲ್ಲಿನಲ್ಲಿ ಹುಟ್ಟಿ ಬೆಳೆದವನು. ಪೂರ್ವಿಕರ ಊರೆಂಬ ಅಭಿಮಾನಕ್ಕೆ ಐವತ್ತು ದಾಟಿದ ಮೇಲೆ ಇಲ್ಲಿಗೆ ಬಂದು, ನದಿಗೆ ಚಾಚಿಕೊಂಡ ದಿಬ್ಬದ ಮೇಲೆ, ಅಂದರೆ ಊರವರೆಲ್ಲ ‘ಕಾಪ್’ ಎನ್ನುವ ಕಡೆ, ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ. ಬ್ರಿಜ್‌ಫೇರ್ ಎಂದರೆ ಕಬ್ಬಿಣ ಮುರಿದವನು. ಅಂಥ ಹೆಸರು ಸುಮ್ಮನೆ ಬರುತ್ತದೆಯೇ? ಮೂಲಪುರುಷ ಮಾತ್ಯುರೆನ್ ದೊಡ್ಡ ದಂಡನಾಯಕನೇ ಇರಬೇಕು. ಅದಕ್ಕೆ ಸಾಕ್ಷಿಯಾಗಿ ಹಳೆಯ ನೋಟರಿ ಪತ್ರವೊಂದರ ನಕಲೂ ಅವನ ಬಳಿ ಇತ್ತು: ‘ಬ್ರಿಜ್‌ಫೇರ್, ಕಾಪ್.’ ಕಾಪ್, ಮುಂದೆ ಚುಕ್ಕಿ. ಕಾಪಿತೆನ್, ಕ್ಯಾಪ್ಟನ್! ಜುಲೈ ತಿಂಗಳಲ್ಲಿ ಇನ್ನೂರು ಜನ ಬ್ರಿಜ್‌ಫೇರ್‌ಗಳು ಸೇರುವವರಿದ್ದರು. ಚರ್ಚಿನ ಗೋಡೆಗೆ ‘ಕ್ಯಾಪ್ಟನ್ ಮಾತ್ಯುರೆನ್ ಬ್ರಿಜ್‌ಫೇರ್’ ಎಂಬ ಕಂಚಿನ ಫಲಕ ಹಾಕಿಸುತ್ತೇನೆಂದು ರೆಯಾಲ್ ಅಷ್ಟೂ ಜನರಿಗೆ ಕಾಗದ ಬರೆದಾಗಿತ್ತು.

"ಮದಾಮ್ ಕ್ಲೆಮಾಂಸ್ ಓದಿ ಸಹಿ ಹಾಕದೆ ಈ ಗೋಡೆಗೆ ಏನೂ ಏರಲ್ಲ" ಎಂದರು ಪಾದ್ರಿ. ಹಿಂದೊಮ್ಮೆ ಬಿಷಪ್ಪರ ಹುಟ್ಟಿದ ವರ್ಷವನ್ನೇ ತಿದ್ದಿದವಳು ಆಕೆ.

ಆಕೆ ಓದಿದ್ದು ಏಳನೇ ತರಗತಿ. ಇಪ್ಪತ್ತೆಂಟು ವರ್ಷ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಯಾರಿಗೆ ಯಾರ ಲೈನು ಬೇಕೋ ಕೊಟ್ಟವಳು. ನಂಬರು ತಿರುಗಿಸುವ ಫೋನು ಬಂದು ಕೆಲಸ ಹೋದಾಗ, ಬದುಕಿದ್ದವರಿಗೆ ಕೊಟ್ಟಿದ್ದು ಸಾಕು, ಇನ್ನು ಸತ್ತವರಿಗೆ ಕೊಡೋಣ ಎಂದು ಚರ್ಚಿನ ದಫ್ತರಕ್ಕೆ ಬಂದಳು. ದೀಕ್ಷಾಸ್ನಾನ, ಮದುವೆ, ಮಣ್ಣು ಎಂದು ಮೂರು ಬಗೆಯ ಪುಸ್ತಕಗಳು. ಇಲಿ ಕಚ್ಚಿದ್ದು ಎಷ್ಟೋ, ಮೇಣ ಸುರಿದದ್ದು ಎಷ್ಟೋ. ಊರಿನ ಅರ್ಧ ಜನ ತಮ್ಮ ಎಂಟು ತಲೆಮಾರನ್ನು ಆಕೆಯ ಬಾಯಿಂದಲೇ ಕಲಿತಿದ್ದರು. ಕಣ್ಣಿಂದ ಓದದ ಒಂದು ಸಾಲನ್ನೂ ಆಕೆ ಯಾರಿಗೂ ಬರೆದುಕೊಟ್ಟವಳಲ್ಲ.

"ಮದುವೆ ಪುಸ್ತಕ ನೋಡಿದ್ಯಾ?" ಎಂದು ಕೇಳಿದಳು.

"ಪೂರ್ತಿ ನೋಡಿದೆ ಮದಾಮ್. ಮಾತ್ಯುರೆನ್ ಬ್ರಿಜ್‌ಫೇರ್ ಅಂತ ಎಲ್ಲೂ ಇಲ್ಲ. ಯಾವ್ದೋ ಅರಮನೆ ಚರ್ಚಲ್ಲಿ ಆಗಿರ್ಬೇಕು."

"ಹೂಂ. ಅರಮನೆ" ಎಂದು ಆಕೆ ಅವನ ನಕಲನ್ನು ತೆಗೆದಿಟ್ಟುಕೊಂಡಳು.

ಆಮೇಲೆ ಹನ್ನೊಂದು ಗುರುವಾರ ಆಕೆ ಬಟಾಣಿ ಸೂಪನ್ನು ಫ್ಲಾಸ್ಕಿಗೆ ತುಂಬಿಕೊಂಡು, ಬಸ್ಸು ಹತ್ತಿ, ನೋಟರಿಗಳ ಹಳೆಯ ಪತ್ರಗಳಿರುವ ಪಟ್ಟಣದ ಕಚೇರಿಗೆ ಹೋಗಿಬಂದಳು. ಫಲಕದ ಎರಕದವರು ಒಕ್ಕಣೆಯನ್ನು ಮಾರ್ಚ್ ಕೊನೆಯ ಶುಕ್ರವಾರದೊಳಗೆ ಕೇಳಿದ್ದರು. ಆ ಶುಕ್ರವಾರ ಬೆಳಗ್ಗೆಯೇ ರೆಯಾಲ್ ಟೈ ಕಟ್ಟಿಕೊಂಡು ಹಾಜರಾದ. ಈ ಸಲ ಬೂಟನ್ನು ತಾನೇ ಒಲೆಯ ಹತ್ತಿರ ಇಟ್ಟ.

"ಕೂತ್ಕೋ. ನೀನು ಎಲ್ಲಿಂದ ಬಂದೆ ಈಗ?"

"ಅಂಗಡಿಯಿಂದ."

"ಅಂಗಡಿ ಎಲ್ಲಿದೆ?"

"ಕಾಪ್‌ನಲ್ಲಿ." ಹೇಳಿದವನು ಹಾಗೆಯೇ ಬಾಯಿ ತೆರೆದು ಕೂತ.

"ಹಾಂ, ಅದೇ. ಕಾಪ್‌ನಲ್ಲಿ ವಾಸ ಅಂತ ನೋಟರಿ ಚುಟುಕಾಗಿ ಬರ್ದಿದಾನೆ. ಅವನು ಇಟ್ಟ ಚುಕ್ಕಿ ಮೇಲೆ ನೀನು ಕತ್ತಿ, ಕುದುರೆ ಎಲ್ಲ ಕೂರ್ಸಿದೀಯ."

ರೆಯಾಲ್ ಪೂಜಾಪೆಟ್ಟಿಗೆಯ ಹೆಸರೆತ್ತಿ ಬೈದುಕೊಂಡ. ಆ ಊರಿನಲ್ಲಿ ಬೈಗುಳವೂ ಚರ್ಚಿನಿಂದಲೇ ಬರಬೇಕು. ಕೂತಿದ್ದು ಪಾದ್ರಿಮನೆಯಲ್ಲಿ ಎಂದು ನೆನಪಾಗಿ ಎದೆಯ ಮೇಲೆ ಶಿಲುಬೆ ಬರೆದುಕೊಂಡ.

"ಬ್ರಿಜ್‌ಫೇರ್ ನಿಮ್ಮ ಮನೆ ಹೆಸರೂ ಅಲ್ಲ. ಜನ ಅವನನ್ನ ಕರೀತಿದ್ದ ಅಡ್ಡಹೆಸರು. ಮಾತ್ಯುರೆನ್ ಪೆನ್ಸೋ, ಬ್ರಿಜ್‌ಫೇರ್ ಅನ್ನಿಸ್ಕೊಂಡವ. ಮೊಮ್ಮಕ್ಕಳ ಕಾಲಕ್ಕೆ ಪೆನ್ಸೋ ಉದುರಿಹೋಯ್ತು. ಮದುವೆ ಪುಸ್ತಕದಲ್ಲಿ ಪೆನ್ಸೋ ಅಂತ ನೋಡಿದ್ರೆ ಒಂದೇ ನಿಮಿಷ. ಅರಮನೆ ಅಲ್ಲ, ಇದೇ ಚರ್ಚು."

"ಇನ್ನೂರು ಜನಕ್ಕೆ ಬರ್ದಿದೀನಿ ಮದಾಮ್... ಕ್ಯಾಪ್ಟನ್ ಅಂತ. ನಗ್ತಾರೆ."

"ನಗ್ಲಿ. ಇದನ್ನೊಂದು ಕೇಳು" ಎಂದು ಆಕೆ ಕನ್ನಡಕ ಏರಿಸಿಕೊಂಡಳು. ಮಾತ್ಯುರೆನ್ ಸತ್ತಾಗ ನೋಟರಿ ಮನೆಗೆ ಬಂದು ಬರೆದ ಸಾಮಾನಿನ ಪಟ್ಟಿ ಅದು. "ಕಬ್ಬಿಣದ ಬಾಣಲೆ ಒಂದು. ಹಸು ಎರಡು. ಚೆನ್ನಾಗಿರೋ ಕೊಡಲಿ ಒಂದು. ಬಾಯಿ ಮುರಿದ ಕೊಡಲಿ ಏಳು."

"ಏಳಾ?"

"ಏಳು. ಮುರಿದ ಕಬ್ಬಿಣನ ಯಾವ ನೋಟರಿಯೂ ಪಟ್ಟಿಗೆ ಸೇರ್ಸಲ್ಲ. ಪಕ್ಕದಲ್ಲಿ ಏನು ಬರ್ದಿದಾನೆ ನೋಡು, ‘ವಿಧವೆಯ ಕೋರಿಕೆಯಂತೆ.’ ಝಾನ್ ಅಂತ, ಸಹಿ ಹಾಕೋಕೆ ಬರದ ಹೆಂಗಸು, ಹಠ ಹಿಡಿದು ಬರೆಸಿದಾಳೆ."

ರೆಯಾಲ್ ಎಷ್ಟಾದರೂ ಕಬ್ಬಿಣದ ವ್ಯಾಪಾರಿ. ಚಳಿಗಾಲದಲ್ಲಿ ಬಾಯಿ ಮುಕ್ಕಾದ ಕೊಡಲಿ ವಾಪಸು ತಂದ ಗಿರಾಕಿಗಳಿಗೆ, "ಹಿಡಿಯೋಕೆ ಬರಲ್ಲ ನಿಮಗೆ" ಎಂದು ಮೂದಲಿಸಿ ಕಳಿಸುತ್ತಿದ್ದವನು.

"ಯಾವ ಮರ ಇತ್ತು ಅಲ್ಲಿ?" ಎಂದು ಮೆಲ್ಲಗೆ ಕೇಳಿದ.

"ಮೇಪಲ್ಲು, ಬೀಚು. ನಿನ್ನ ಅಂಗಡಿಯಿಂದ ಹಿಡಿದು ಗಿರಣಿವರೆಗೂ ಬರೀ ಕಾಡು. ಒಬ್ಬನೇ ಕಡಿದ."

"ಹೆಪ್ಪುಗಟ್ಟಿದ ಮೇಪಲ್ ಮರಕ್ಕೆ ಹೊಡೆದ್ರೆ ಉಕ್ಕು ಗಾಜಿನ ಹಾಗೆ ಹಾರುತ್ತೆ" ಎಂದ ರೆಯಾಲ್. "ಏಳು! ಬೇಸಿಗೆವರೆಗೂ ಕಾಯ್ಲಿಲ್ಲ ಮುಂಡೇಮಗ."

ಜೇಬಿನಿಂದ ಒಕ್ಕಣೆ ತೆಗೆದು, ‘ಕ್ಯಾಪ್ಟನ್’ ಎಂಬುದನ್ನು ತಾನೇ ಹೊಡೆದುಹಾಕಿ, ಆಕೆಯ ಪೆನ್ಸಿಲಿನಿಂದಲೇ ಹೊಸದಾಗಿ ಬರೆದ: ‘ಮಾತ್ಯುರೆನ್ ಪೆನ್ಸೋ, ಬ್ರಿಜ್‌ಫೇರ್ ಅನ್ನಿಸಿಕೊಂಡವನು. ಕಾಪ್‌ನ ರೈತ. ಏಳು ಕೊಡಲಿ ಮುರಿದ.’ ಆಕೆ ಎರಡು ಸಲ ಓದಿ, "ಹೆಂಡತಿ?" ಎಂದಳು. ‘ಹೆಂಡತಿ ಝಾನ್ ಅವನ್ನು ಎತ್ತಿಟ್ಟಳು’ ಎಂದು ಸೇರಿಸಿದ. ಆಗ ಸಹಿ ಬಿತ್ತು.

ಜುಲೈನಲ್ಲಿ ಪರದೆ ಸರಿದಾಗ ನಕ್ಕವರು ಇಲ್ಲದೇ ಇರಲಿಲ್ಲ. ಆದರೆ ಓದಿ ಮುಗಿಸಿದ ಮೇಲೆ ಇನ್ನೂರು ಬ್ರಿಜ್‌ಫೇರ್‌ಗಳು, ಒಬ್ಬರ ಕೈ ಒಬ್ಬರು ಮುಟ್ಟಿ ನೋಡಿಕೊಂಡರು. ರೆಯಾಲನ ಎದೆ ಮಾತ್ರ ಕ್ಯಾಪ್ಟನ್ನನ ಎದೆಗಿಂತ ಒಂದು ಗೇಣು ಮುಂದೆ ಬಂದಿತ್ತು. ಆ ರೋಗಕ್ಕೆ ದಫ್ತರದಲ್ಲೂ ಮದ್ದಿಲ್ಲ.

ಪಟ್ಟಣದಿಂದ ಬಂದಿದ್ದ ರೇಡಿಯೋ ಹೆಂಗಸು ಮೈಕನ್ನು ಕ್ಲೆಮಾಂಸಳ ಮುಂದೆ ಹಿಡಿದು, ದನಿಯನ್ನು ತೇವ ಮಾಡಿಕೊಂಡು ಕೇಳಿದಳು: "ಮದಾಮ್ ರಿಯೂ, ಏಳನೇ ಕೊಡಲಿಯೂ ಮುರಿದುಹೋದಾಗ ಆ ಮನುಷ್ಯ ಏನು ಮಾಡಿರಬಹುದು?"

"ಎಂಟನೇದು ಎತ್ಕೊಂಡ."