ಕುಡಿಯದೆ ರುಚಿ ಹೇಳುವ ಗೋರಖನಾಥ

ಬೆಳಗಿನ ಐದೂವರೆ. ಬೀದರ ಊರು ಮುಗಿದು ಮನ್ನಳ್ಳಿ ಕಡೆಯ ಹೊಲಗಳು ಶುರುವಾಗುವಲ್ಲಿ ಒಂದು ಹೋಟೆಲು. ಅದರ ಹಿಂದಿನ ಶೆಡ್ಡಿನಲ್ಲಿ ಗೋರಖನಾಥ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದಾರೆ. ಒಂದಲ್ಲ, ಮೂರು ಸಲ. ಎದ್ದಾಗಿನಿಂದ ಚಹಾ ಕುಡಿದಿಲ್ಲ, ತಂಬಾಕಿನ ಪೊಟ್ಟಣ ಬಿಚ್ಚಿಲ್ಲ. ಎದುರಿಗೆ ಆಳೆತ್ತರದ ಆರು ಸ್ಟೀಲ್ ಟ್ಯಾಂಕುಗಳು. ಹೋಟೆಲಿನವರು ಇಲ್ಲಿಯೇ ತಯಾರಿಸುವ ಬಿಯರು ಅವುಗಳಲ್ಲಿ ತಣ್ಣಗೆ ಮಾಗುತ್ತಿದೆ.

ಮೊದಲ ಟ್ಯಾಂಕಿನ ನಲ್ಲಿ ತಿರುಗಿಸಿ ಎರಡು ಬೆರಳಿನಷ್ಟು ಗ್ಲಾಸಿಗೆ ಬಿಡುತ್ತಾರೆ. ಟ್ಯೂಬ್‌ಲೈಟಿಗೆ ಹಿಡಿದು ಬಣ್ಣ ನೋಡುತ್ತಾರೆ. ಮೂಗಿನ ಹತ್ತಿರ ತಂದು, ದೂರ ಒಯ್ದು, ಮತ್ತೆ ತರುತ್ತಾರೆ. ಒಂದು ಗುಟುಕು ಬಾಯಲ್ಲಿ ಆಡಿಸಿ ಪಕ್ಕದ ಬಕೆಟ್ಟಿಗೆ ಉಗುಳುತ್ತಾರೆ. ನುಂಗುವುದಿಲ್ಲ. ಐದನೇ ಟ್ಯಾಂಕಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತು ತಲೆಯಾಡಿಸುತ್ತಾರೆ.

"ಇದು ಇನ್ನೂ ಕೂಸು ಅದರಿ. ಎಬ್ಬಸಬ್ಯಾಡ್ರಿ. ಇನ್ನೊಂದು ನಾಕು ದಿನ ಮಲಗಲಿ."

ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತ ಪ್ರಣಾಲಿ ಅದನ್ನು ಹಾಗೆಯೇ ಬರೆದುಕೊಳ್ಳುತ್ತಾರೆ. ಭಾಲ್ಕಿಯ ಈ ಮೂವತ್ತರ ಯುವತಿ ಪುಣೆಯಲ್ಲಿ ಬಿಯರು ತಯಾರಿಕೆ ಕಲಿತು ಬಂದವರು, ಇಲ್ಲಿಯ ಮುಖ್ಯಸ್ಥೆ. "ಯಂತ್ರ ನನಗ ಅಂಕಿ ಹೇಳ್ತದ. ಕಾಕಾ ಅದರ ಸ್ವಭಾವ ಹೇಳ್ತಾರ" ಎನ್ನುತ್ತಾರೆ.

ಐವತ್ತೆಂಟರ ಗೋರಖನಾಥ ಕೆಲಸಕ್ಕೆ ಸೇರಿದ್ದು ಟ್ಯಾಂಕು ತೊಳೆಯಲು. ಈಗಲೂ ದಿನದ ಆರು ತಾಸು ಅದೇ ಕೆಲಸ. ಹುಟ್ಟಿದ್ದು ಔರಾದ ತಾಲ್ಲೂಕಿನ ಡಾಬಕಾದಲ್ಲಿ. ಹದಿನೇಳಕ್ಕೇ ಬೀದರಕ್ಕೆ ಬಂದು ಧಾನ್ಯದ ಅಡತಿಯಲ್ಲಿ ಚೀಲ ಹೊತ್ತರು. ಹೊರುತ್ತ ಹೊರುತ್ತಲೇ ಜೋಳದ ವಿದ್ಯೆ ಕಲಿತರು. ಒಂದು ಕಾಳು ಕಡಿದರೆ ಅದು ತೊಯ್ದು ಒಣಗಿದ್ದೋ, ನೆಲದೊಳಗಿನ ಹಗೇವಿನಲ್ಲಿ ಬಹಳ ದಿನ ಕೂತಿದ್ದೋ ಗೊತ್ತಾಗುತ್ತಿತ್ತು. ಆದರೆ ಹಮಾಲನನ್ನು ಕೇಳುವವರು ಯಾರು?

ಏಳು ವರ್ಷದ ಹಿಂದೆ, ಇಲ್ಲಿ ಸೇರಿದ ಮೊದಲ ತಿಂಗಳಲ್ಲೇ, ಮೊಳಕೆ ಬರಿಸಿ ಒಣಗಿಸಿದ ಜೋಳದ ಚೀಲವೊಂದರ ಪಕ್ಕ ಹಾಯುವಾಗ ಅವರ ಕಾಲು ನಿಂತಿತು. "ಬಾಯಾರ, ಇದು ಒಳಗ ಬೂಸರು ಹಿಡದದ" ಎಂದು ಪ್ರಣಾಲಿಗೆ ಹೇಳಿದರು. ಪ್ರಣಾಲಿ ಚೀಲ ಬಿಚ್ಚಿ ತಳದವರೆಗೆ ಕೈ ಹಾಕಿದರು. ಮಾತು ನಿಜವಾಗಿತ್ತು. ಮರುದಿನ ಬೆಳಿಗ್ಗೆ ಒಂದು ಗ್ಲಾಸು ಅವರ ಮುಂದೆ ಹಿಡಿದು ಕೇಳಿದರು, "ಕಾಕಾ, ಇದು ಹ್ಯಾಂಗ ಆಗ್ಯಾದ, ಹೇಳ್ರಿ."

"ಜನ್ಮದಾಗ ನನಗ ಯಾರೂ ಹ್ಯಾಂಗದ ಅಂತ ಕೇಳಿದ್ದಿಲ್ರಿ" ಎಂದು ಗೋರಖನಾಥ ನೆನೆಯುತ್ತಾರೆ. "ಎತ್ತು, ಇಳಸು, ಇಷ್ಟೇ. ಆ ಗ್ಲಾಸ್ ಎರಡೂ ಕೈಲೆ ಹಿಡ್ಕೊಂಡು, ಒಂದು ಗುಟುಕು ಬಾಯಾಗ ಆಡಿಸಿ ಉಗುಳಿ, ಅನಿಸಿದ್ದು ಹೇಳಿದೆ ನೋಡ್ರಿ."

ಅಂದಿನಿಂದ ರುಚಿ ಹೇಳುವುದೂ ಅವರ ಕೆಲಸವಾಯಿತು. ನುಂಗದೆ ಉಗುಳುವುದಕ್ಕೆ ಕಾರಣವಿತ್ತು. ಅವರದು ಬೌದ್ಧ ಕುಟುಂಬ. ಮನೆಯಲ್ಲಿ ದಿನವೂ ಪಂಚಶೀಲ ಹೇಳುತ್ತಾರೆ. ಮದ್ಯದಿಂದ ದೂರ ಇರಬೇಕೆಂಬುದು ಅದರಲ್ಲಿ ಐದನೆಯದು. ಪತ್ನಿ ಶಾಲುಬಾಯಿಗೆ ಈ ಕೆಲಸ ಗಂಟಲಲ್ಲಿ ಸಿಕ್ಕ ಮುಳ್ಳಿನಂತಿತ್ತು. ಬುದ್ಧ ವಿಹಾರದಲ್ಲಿ ಹೆಂಗಸರು ಕೇಳಿದರೆ, "ಹೋಟೆಲ್‌ದಾಗ ಭಾಂಡಿ ತೊಳಿತಾರ" ಎಂದು ಮಾತು ತೇಲಿಸುತ್ತಿದ್ದರು.

ಆದರೂ ಶನಿವಾರ ಬಂದರೆ ಗೋರಖನಾಥರ ಉತ್ಸಾಹವೇ ಬೇರೆ. ಹೋಟೆಲಿನ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇದೆ. ವಾರದ ಬಿಯರುಗಳ ಬಗ್ಗೆ ತಮಗೆ ಅನ್ನಿಸಿದ್ದನ್ನು ಅವರು ಅದರ ಮೇಲೆ ಸುಣ್ಣದ ಬಳಪದಲ್ಲಿ ಬರೆಯುತ್ತಾರೆ. 'ಜೋಳದ್ದು ಈ ವಾರ ಹೊಸ ಮಳಿ ಬಿದ್ದಂಗ ಅದ.' 'ಬೆಲ್ಲದ್ದು ಸಿಹಿ ಹೆಚ್ಚಾಗೇದ, ಅರ್ಧಾ ಗ್ಲಾಸ್ ಸಾಕು.' 'ಶುಂಠಿದು ಬ್ಯಾಡ, ಮುಂದಿನ ವಾರ ಬರ್ರಿ.' ತಮ್ಮದೇ ಮಾಲಿಗೆ ಬೇಡ ಎನ್ನುವ ಹಲಗೆ ಊರಲ್ಲಿ ಇನ್ನೊಂದಿರಲಿಲ್ಲ. ಮಾಲೀಕರು ಮೊದಮೊದಲು ಸಿಡುಕಿದರು. ಜನ ಹಲಗೆ ಓದಲೆಂದೇ ಬರತೊಡಗಿದ ಮೇಲೆ ಸುಮ್ಮನಾದರು.

ಆಟೊ ಓಡಿಸುವ ಜಹೀರೋದ್ದೀನ ಜನ್ಮದಲ್ಲಿ ಹನಿ ಮುಟ್ಟಿದವರಲ್ಲ. ಅವರೂ ಪ್ರತಿ ಶನಿವಾರ ಗಾಡಿ ನಿಲ್ಲಿಸಿ ಓದುತ್ತಾರೆ. "ನಮಗ ಅದರಾಗ ಏನೂ ಇಲ್ರಿ. ಮಗರ್ ಖರೇ ಬರಿಯೋ ಮನಶಾ ಸಿಗೂದು ಕಮ್ಮಿ" ಎನ್ನುತ್ತಾರೆ.

ಕಳೆದ ಚಳಿಗಾಲದಲ್ಲಿ ಆ ಹಲಗೆಯೇ ಗೋರಖನಾಥರಿಗೆ ಕುತ್ತಾಯಿತು.

ನಾಲ್ಕು ದಿನ ಜ್ವರ ಬಂತು. ಜ್ವರ ಇಳಿಯಿತು, ಮೂಗು ಸತ್ತಿತ್ತು. ಟ್ಯಾಂಕು ತೊಳೆದಾದ ಮೇಲೆ ಒಳಗೆ ತಲೆ ಹಾಕಿ ಮೂಸುವುದು ಅವರ ರೂಢಿ. ಅಂದು ನಾಲ್ಕನೇ ಟ್ಯಾಂಕನ್ನು ಮೂಸಿದರು, ಏನೂ ಬರಲಿಲ್ಲ. ಸ್ವಚ್ಛವಾಗಿದೆ ಎಂದುಕೊಂಡರು. ಮರುದಿನ ಶುಂಠಿ ಬಿಯರಿನ ಗ್ಲಾಸು ಮೂಗಿಗೆ ಹಿಡಿದರು. ಅದು ಬರೀ ನೀರಿನಂತಿತ್ತು.

ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಬಣ್ಣ ನೋಡಿ, ನೊರೆ ನೋಡಿ, ಹಳೆಯ ನೆನಪಿನ ಮೇಲೆ ಮೂರು ವಾರ ತೀರ್ಪು ಹೇಳಿದರು. ಮೂರನೆಯ ವಾರ ಪ್ರಣಾಲಿ ಅಕ್ಕನ ಮದುವೆಗೆಂದು ಭಾಲ್ಕಿಗೆ ಹೋಗಿದ್ದರು. ಗೋರಖನಾಥ ಹಲಗೆಯ ಮೇಲೆ ಬರೆದರು: 'ನಾಕನೇ ಟ್ಯಾಂಕಿನ ಶುಂಠಿದು ಭಾಳ ಚಲೋ ಆಗ್ಯಾದ.'

ಆ ಸಂಜೆ ಔರಾದದಿಂದ ಕೈಲಾಶ ಎಂಬ ನಿವೃತ್ತ ನೌಕರರು ಹತ್ತು ಮಂದಿ ಗೆಳೆಯರನ್ನು ಕರೆತಂದಿದ್ದರು. ಹಲಗೆಯ ಹಳೆಯ ಓದುಗರು. ಮೊದಲ ಗುಟುಕಿಗೇ ಗ್ಲಾಸು ಕೆಳಗಿಟ್ಟು ಗೋರಖನಾಥರನ್ನು ಕರೆಸಿದರು.

"ನೀವು ಬರದೀರಿ ಅಂತ ತಗೊಂಡೆವ್ರಿ. ಇದು ದವಾಖಾನಿ ವಾಸನಿ ಹೊಡಿಲಿಕತ್ತದಲ್ಲ?"

ಗೋರಖನಾಥ ಗ್ಲಾಸು ಮೂಗಿಗೆ ಹಿಡಿದರು. ಏನೂ ಇರಲಿಲ್ಲ. ಹನ್ನೊಂದು ಮಂದಿ ಅವರ ಮುಖವನ್ನೇ ನೋಡುತ್ತಿದ್ದರು. ತೊಳೆಯುವ ಔಷಧಿ ನಾಲ್ಕನೇ ಟ್ಯಾಂಕಿನಲ್ಲಿ ಉಳಿದು ಇಡೀ ಐನೂರು ಲೀಟರ್ ಕೆಟ್ಟಿತ್ತು. ತೊಳೆದವರೂ ಅವರೇ, ಚಲೋ ಎಂದು ಬರೆದವರೂ ಅವರೇ.

ಎರಡನೆಯ ದಿನ ಪ್ರಣಾಲಿ ಬಂದಾಗ ಎಲ್ಲ ಹೇಳಿದರು. "ಮೊದಲೇ ಯಾಕ ಹೇಳಲಿಲ್ಲ ಕಾಕಾ?" ಎಂದು ಪ್ರಣಾಲಿ ಕೇಳಿದಾಗ ಗೋರಖನಾಥ ಎಂದರು: "ತೊಳಿಯೋ ಕೆಲಸ ಹೋದ್ರ ಬ್ಯಾರೆಕಡಿ ಸಿಗ್ತದ. ಹ್ಯಾಂಗದ ಅಂತ ಕೇಳೋರು ಎಲ್ಲಿ ಸಿಗ್ತಾರ್ರಿ?"

ಪ್ರಣಾಲಿ ನಾಲ್ಕನೇ ಟ್ಯಾಂಕಿನ ನಲ್ಲಿ ತೆರೆದು ಎಲ್ಲವನ್ನೂ ಮೋರಿಗೆ ಬಿಟ್ಟರು. ಕೆಲಸದಿಂದ ತೆಗೆಯಲಿಲ್ಲ. ಶನಿವಾರ ಹಲಗೆ ಒರೆಸಿ ಹಾಗೇ ಬಿಡಿ ಎಂದರು. ಆದರೆ ಗೋರಖನಾಥ ಬಳಪ ಕೈಗೆ ತೆಗೆದುಕೊಂಡರು. ಬರೆದದ್ದು ಇಷ್ಟು: 'ತಿಂಗಳಾತು, ನನಗ ವಾಸನಿ ತಿಳಿವಲ್ದು. ಮೂರು ವಾರ ತಿಳಿದವರಂಗ ಬರದೀನಿ. ತಪ್ಪಾಗೇದ. ಗೋರಖನಾಥ.'

ಜಹೀರೋದ್ದೀನ ಅದನ್ನು ಓದಿದರು. ಅದೇ ಮಧ್ಯಾಹ್ನ ಶಾಲುಬಾಯಿ ಬಾಜಾರದಿಂದ ಅವರ ಆಟೊ ಹತ್ತಿದರು. "ಭಾಬಿ, ಗೋರಖಭಾಯಿದು ಮೂಗು ಹ್ಯಾಂಗದ ಈಗ?" ಎಂದು ಜಹೀರೋದ್ದೀನ ಸಹಜವಾಗಿ ಕೇಳಿದರು. ಶಾಲುಬಾಯಿಗೆ ಒಂದೂ ಅರ್ಥವಾಗಲಿಲ್ಲ. ಅವರು ಹಲಗೆಯ ಬರಹ ಹೇಳಿದ ಮೇಲೆ ಆಟೊ ಮನೆಯ ಕಡೆ ಹೋಗಲಿಲ್ಲ, ಹೋಟೆಲಿನ ಕಡೆ ತಿರುಗಿತು. ಏಳು ವರ್ಷದಲ್ಲಿ ಮೊದಲ ಸಲ ಅವರು ಗಂಡನ ಕೆಲಸದ ಜಾಗಕ್ಕೆ ಬಂದರು. ಹಲಗೆಯ ಮುಂದೆ ನಿಂತು ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಸಿಟ್ಟು ಬಂದಿತ್ರಿ" ಎನ್ನುತ್ತಾರೆ ಶಾಲುಬಾಯಿ. "ಜ್ವರ ಬಿಟ್ಟ ಮ್ಯಾಲ ಒಂದಿನ ಪಲ್ಯಾ ಹೊತ್ತಿತ್ತು, ಚಲೋ ಆಗ್ಯಾದ ಅಂತ ಉಂಡಿದ್ರು. ನನ್ನ ಮುಂದ ಸೈತ ಮುಚ್ಚಿಟ್ಟಾರಲ್ಲ ಅಂತ. ಮತ್ತ ಊರ ಮಂದಿ ಮುಂದ ಹಿಂಗ ಬರದಾರಲ್ಲ, ಅದು ನೋಡಿ ಕಣ್ಣಾಗ ನೀರು ಬಂತು."

ವಾಸನೆ ಮರಳಲು ಮೂಗಿಗೆ ಮತ್ತೆ ಪಾಠ ಹೇಳಿಕೊಡಬೇಕು ಎಂದರು ಡಾಕ್ಟರು. ಶಾಲುಬಾಯಿ ಲವಂಗ, ಓಮಕಾಳು, ಶುಂಠಿ, ಬೇವಿನೆಲೆಗಳನ್ನು ನಾಲ್ಕು ಖಾಲಿ ಶೀಶೆಗಳಲ್ಲಿ ತುಂಬಿದರು. ದಿನಕ್ಕೆರಡು ಸಲ ಗಂಡನ ಕಣ್ಣಿಗೆ ಸೆರಗು ಮುಚ್ಚಿ ಮೂಸಿಸಿದರು. "ಇದು ಯಾವುದು?" "ಗೊತ್ತಾಗವಲ್ದು." "ಇದು?" "ಗೊತ್ತಾಗವಲ್ದು." ಎರಡೂವರೆ ತಿಂಗಳು ಇದೇ ಸಂಭಾಷಣೆ.

ಅಷ್ಟು ದಿನ ಟ್ಯಾಂಕುಗಳ ಗತಿ? ಅದಕ್ಕೂ ಶಾಲುಬಾಯಿಯೇ ಬಂದರು. ಪ್ರಣಾಲಿಗೆ ಒಂದೇ ಮಾತು ಹೇಳಿದರು: "ಬಾಯಿಗೆ ಹಚ್ಚಂಗಿಲ್ಲ ನೋಡವ್ವ. ಬರೇ ಮೂಸ್ತೀನಿ. ಮೂಗಿಗೆ ಶೀಲ ಹೇಳಿಲ್ಲ." ಹೆಂಡತಿ ಮೂಸಿ ಹೇಳುವುದು, ಗಂಡ ನಾಲಿಗೆಯಿಂದ ಕಹಿ, ಹುಳಿ ತೂಗುವುದು. ಇಬ್ಬರ ಮಾತು ಕೂಡಿಸಿ ಪ್ರಣಾಲಿ ಬರೆದುಕೊಂಡರು. ಮೂವತ್ತು ವರ್ಷ ಒಲೆಯ ಮುಂದೆ ಕೂತ ಮೂಗು ಎಷ್ಟು ಚುರುಕಾಗಿತ್ತೆಂದರೆ, ಬಿಯರು ಹಳಸತೊಡಗಿದಾಗ ಬರುವ ತೊಯ್ದ ರಟ್ಟಿನ ಸಣ್ಣ ವಾಸನೆಯನ್ನು, ಮೂಗು ಸರಿಯಿದ್ದಾಗ ಗಂಡ ಹಿಡಿಯುತ್ತಿದ್ದುದಕ್ಕಿಂತ ಎರಡು ದಿನ ಮೊದಲೇ ಹಿಡಿಯುತ್ತಿತ್ತು. ಈಗ ಶಾಲುಬಾಯಿಯ ಹೆಸರೂ ಹಾಜರಿ ಪುಸ್ತಕದಲ್ಲಿದೆ. ಗುರುವಾರ, ಶನಿವಾರ ಬರುತ್ತಾರೆ. ವಿಹಾರದಲ್ಲಿ ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ. ಒಬ್ಬಿಬ್ಬರು ಮುಖ ತಿರುವಿದ್ದಾರೆ. ಅದೂ ಅವರಿಗೆ ಗೊತ್ತು.

ಬೇಸಿಗೆಯ ಶುರುವಿನಲ್ಲಿ ಒಂದು ಬೆಳಿಗ್ಗೆ ಮೂರನೆಯ ಶೀಶೆ ಮೂಗಿಗೆ ಬಂದಾಗ ಗೋರಖನಾಥ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡರು. "ಶುಂಠಿ" ಎಂದರು. ಮತ್ತೊಮ್ಮೆ ಮೂಸಿದರು. "ಶಾಲು, ಶುಂಠಿ." ಆ ಶನಿವಾರ ಕೈಲಾಶರಿಗೆ ತಾವೇ ಗ್ಲಾಸು ಒಯ್ದು ಕೊಟ್ಟರು, ಮೊದಲು ತಾವು ಮೂಸಿ ನೋಡಿ, ಆಮೇಲೆ.

ಇಂದು ಬಿಯರಿನ ವಾಸನೆಗಳು ಹೆಚ್ಚುಕಡಿಮೆ ಎಲ್ಲ ಮರಳಿವೆ. ಇನ್ನೇನಾದರೂ ಬೇಕೇ ಎಂದರೆ ಗೋರಖನಾಥ ಒದ್ದೆ ಕೈ ಒರೆಸಿಕೊಳ್ಳುತ್ತಾರೆ, ಸ್ವಲ್ಪ ನಾಚುತ್ತಾರೆ.

"ಹಂಚಿನ ಮ್ಯಾಲ ಜೋಳದ ರೊಟ್ಟಿ ಉಬ್ಬತದಲ್ರಿ, ಆವಾಗೊಂದು ವಾಸನಿ ಬರ್ತದ. ಅದು ಇನ್ನೂ ಬಂದಿಲ್ಲ. ದಿನಾ ಒಲಿ ಮುಂದ ಹೋಗಿ ಕೂಡ್ತೇನಿ. ಅದೊಂದು ಬಂದ್ರ ಮತ್ತೇನೂ ಬ್ಯಾಡ್ರಿ."

ಶಾಲುಬಾಯಿ ಗ್ಲಾಸು ತೊಳೆಯುತ್ತಲೇ ನಗುತ್ತಾರೆ. "ಬರಲಿ ಬಿಡ್ರಿ ಸಾವಕಾಶ. ಮೂವತ್ತು ವರ್ಷದಾಗ ಇದೇ ಮೊದಲ ನೋಡ್ರಿ, ನಾ ರೊಟ್ಟಿ ಬಡಿಯೋತನಕ ಬಾಜೂ ಕೂಡ್ತಾರ."